ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಏನಾಗುತ್ತದೆ?

ಕಳೆದ ಸಂಚಿಕೆಯಲ್ಲಿ ಆಳಗಡಲಿನ ಬಿಸಿನೀರ ಬುಗ್ಗೆಗಳಲ್ಲಿ ಬದುಕುವ ಸೂಕ್ಷ್ಮಜೀವಿಗಳ ಬಗ್ಗೆ ಬರೆದಿದ್ದೆವು. ಅದನ್ನು ಓದಿ ಗದಗದ ಓದುಗರೊಬ್ಬರು ಹೀಗೆ ಕೇಳಿದ್ದಾರೆ: ‘ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಹೆಪ್ಪು ಸಾಯ್ತದ ಅಂತ ನಮ್ಮವ್ವ ಹೇಳುತ್ತಿದ್ದಳು. ಹಾಗಿದ್ದ ಮೇಲೆ ನೂರು ಡಿಗ್ರಿಯಲ್ಲಿ ಜೀವ ಹೇಗೆ ಉಳಿಯುತ್ತದೆ? ಉಳಿದರೂ, ಸಮುದ್ರವನ್ನೇ ಅಪರೂಪಕ್ಕೆ ನೋಡುವ ನಮಗೆ ಅದರಿಂದ ಏನು?’

ನಿಮ್ಮ ಅವ್ವ ಹೇಳಿದ್ದು ಖರೆ. ಹೆಪ್ಪಿನೊಳಗಿನ ಜೀವಿ ಕೆಲಸ ಮಾಡುವುದು ತನ್ನ ಕಿಣ್ವಗಳಿಂದ. ಕಿಣ್ವ ಅಂದರೆ ಪ್ರೋಟೀನು. ಒಂದೇ ಉದ್ದನೆಯ ಎಳೆ, ತನ್ನದೇ ಒಂದು ರೀತಿಯಲ್ಲಿ ಸುತ್ತಿಕೊಂಡಿರುತ್ತದೆ. ಆ ಸುತ್ತು ಇದ್ದರಷ್ಟೇ ಕೆಲಸ. ಬಿಸಿ ಜಾಸ್ತಿಯಾದರೆ ಸುತ್ತು ಬಿಚ್ಚಿ, ಎಳೆಗಳು ಒಂದಕ್ಕೊಂದು ಸಿಕ್ಕು ಬೀಳುತ್ತವೆ. ಮೊಟ್ಟೆ ಬೇಯಿಸಿದಾಗ ಒಳಗಿನ ಲೋಳೆ ಬೆಳ್ಳಗೆ ಗಟ್ಟಿಯಾಗುತ್ತದಲ್ವಾ, ಅದೂ ಇದೇ.

ಕಡಲಡಿಯ ಜೀವಿಗಳ ಪ್ರೋಟೀನು ಬೇರೆ ಸಾಮಾನಿನಿಂದ ಆದದ್ದಲ್ಲ. ಅದೇ 20 ಅಮೈನೋ ಆಮ್ಲಗಳು. ಬೇರೆಯಾಗಿರುವುದು ಕಟ್ಟು. ಬಿಸಿ ಅಂದರೆ ಕಣಗಳ ಕುಲುಕಾಟ. ಮೇವು ಹೇರಿದ ಎರಡು ಬಂಡಿ ನೆನೆಸಿಕೊಳ್ಳಿ. ಮೇವು ಒಂದೇ. ಸಡಿಲ ಕಟ್ಟಿದ ಬಂಡಿ ಹೊಲದ ದಾರಿಯಲ್ಲೇ ಚೆಲ್ಲುತ್ತದೆ, ಹಗ್ಗ ಬಿಗಿದ ಬಂಡಿ ಮನೆ ಮುಟ್ಟುತ್ತದೆ. ಈ ಕಿಣ್ವಗಳಲ್ಲಿ ಪ್ಲಸ್, ಮೈನಸ್ ವಿದ್ಯುದಂಶ ಇರುವ ಭಾಗಗಳು ಜಾಸ್ತಿ ಕಡೆ ಒಂದನ್ನೊಂದು ಹಿಡಿದಿರುತ್ತವೆ. ಒಳಗೆ ಸಂದು ಕಡಿಮೆ, ಹೊರಗೆ ಜೋತುಬಿದ್ದ ಕುಣಿಕೆಗಳೂ ಕಡಿಮೆ.

ಇದನ್ನು ನಾನು ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕಣ್ಣಾರೆ ನೋಡಿದ್ದೇನೆ. ಸಮುದ್ರದ ಜೀವಿಯನ್ನೇ ಬೆಳೆಸುವುದು ಕಷ್ಟ. ಅದಕ್ಕೆ ಕುದಿಯುವಷ್ಟು ಬಿಸಿ ಬೇಕು, ಆಮ್ಲಜನಕ ತಾಗಬಾರದು. ಹಾಗಾಗಿ ಅದರ ಒಂದು ಕಿಣ್ವವನ್ನು ಮಾಡುವ ಜೀನನ್ನು ಮಾತ್ರ ತೆಗೆದು ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಇಡುತ್ತಾರೆ. ಅದು 37 ಡಿಗ್ರಿಯಲ್ಲಿ ಆರಾಮಾಗಿ ಬೆಳೆಯುತ್ತ ಆ ಕಿಣ್ವವನ್ನೂ ಮಾಡಿಕೊಡುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಒಡೆದು, ಆ ರಸದ ಟ್ಯೂಬನ್ನು 75 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟರು. ಹೊರಗೆ ತೆಗೆದಾಗ ಥೇಟ್ ಒಡೆದ ಹಾಲು! ಇ. ಕೋಲಿಯ ಪ್ರೋಟೀನುಗಳು ಬಿಳಿ ಗರಣೆ ಕಟ್ಟಿದ್ದವು. ಟ್ಯೂಬನ್ನು ಯಂತ್ರದಲ್ಲಿ ಗರಗರ ತಿರುಗಿಸಿದ ಮೇಲೆ ಗರಣೆ ತಳಕ್ಕೆ ಕೂತಿತು, ಮೇಲೆ ತಿಳಿನೀರು ಉಳಿಯಿತು. ‘ನಮಗೆ ಬೇಕಾದ್ದು ಆ ತಿಳಿಯಲ್ಲಿದೆ ಸರ್’ ಅಂದಳು ವಿದ್ಯಾರ್ಥಿನಿ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಟ್ಯೂಬು.

ಇಲ್ಲೊಂದು ತಪ್ಪು ಒಪ್ಪಿಕೊಳ್ಳಬೇಕು. ಜೀನಿನ ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಪರೀಕ್ಷೆಯಲ್ಲಿ ಆ ನಕಲಿನ ಕೆಲಸ ಮಾಡುವ ‘ಟ್ಯಾಕ್’ ಕಿಣ್ವ ಸಮುದ್ರದಿಂದ ಬಂತು ಎಂದು ನಾವು ಬರೆದಿದ್ದೆವು. ಅಲ್ಲ. ಅದರ ಮೂಲ ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆ. 1960ರ ದಶಕದಲ್ಲಿ ವಿಜ್ಞಾನಿ ಥಾಮಸ್ ಬ್ರಾಕ್ ಅಲ್ಲಿ ಆ ಕಿಣ್ವದ ಬ್ಯಾಕ್ಟೀರಿಯಾ ಕಂಡರು. ಸಮುದ್ರದಡಿಯ ಬುಗ್ಗೆಗಳು ಸಿಕ್ಕದ್ದು 1977ರಲ್ಲಿ, ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳ ಬಳಿ, ಸುಮಾರು 2,500 ಮೀಟರ್ ಆಳದಲ್ಲಿ. ಎರಡು ವರ್ಷದ ನಂತರ ಅದೇ ಸಾಗರದ ಬೇರೊಂದು ಜಾಗದಲ್ಲಿ ಕಪ್ಪು ಹೊಗೆಯಂತೆ ನೀರುಗುಳುವ ಚಿಮಣಿಗಳು ಕಂಡವು. ಅಲ್ಲಿ ನೀರು 350 ಡಿಗ್ರಿ ದಾಟಿದರೂ ಮೇಲಿನ ಒತ್ತಡದಿಂದ ಕುದಿಯುವುದಿಲ್ಲ. ಆ ಬಿಸಿಯಲ್ಲಿ ಯಾವ ಜೀವವೂ ಇರಲಾರದು. ಜೀವಿಗಳಿರುವುದು ಬಿಸಿನೀರೂ ತಣ್ಣೀರೂ ಬೆರೆಯುವ ಚಿಮಣಿಯ ಗೋಡೆಗಳಲ್ಲಿ. ಈವರೆಗೆ ಜೀವಿಯೊಂದು ಬೆಳೆದ ಅತಿ ಹೆಚ್ಚು ಬಿಸಿ 122 ಡಿಗ್ರಿ.

ಈಗ ‘ನಮಗೆ ಏನು’ ಎಂಬ ಮಾತು. 2020ರಲ್ಲಿ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ ಕೋವಿಡ್‌ನ ಪಿಸಿಆರ್ ಪರೀಕ್ಷೆ ನಡೆಯುತ್ತಿತ್ತು, ನೆನಪಿದೆಯಾ? ಮೂಗಿಗೆ ಕಡ್ಡಿ ಹಾಕಿ ತೆಗೆದ ಮಾದರಿಯನ್ನು ಸುಮಾರು 95 ಡಿಗ್ರಿಗೆ ಕಾಯಿಸಿ, ಮತ್ತೆ ಇಳಿಸಿ, ಹೀಗೆ ನಲವತ್ತು ಸಲ ಮಾಡಬೇಕು. ಪಿಸಿಆರ್‌ನ ಆರಂಭದ ದಿನಗಳಲ್ಲಿ ಪ್ರತಿ ಸುತ್ತಿಗೂ ಕಿಣ್ವ ಸಾಯುತ್ತಿತ್ತು, ಪ್ರತಿ ಸಲ ಹೊಸದು ಹಾಕಬೇಕಿತ್ತು. ಬಿಸಿ ತಾಳುವ ಟ್ಯಾಕ್ ಬಂದ ಮೇಲೆ ಆ ಕಷ್ಟ ತಪ್ಪಿತು. ಆದರೆ ನಕಲು ಮಾಡುವಾಗ ಆದ ತನ್ನ ತಪ್ಪನ್ನು ಟ್ಯಾಕ್ ತಾನು ತಿದ್ದುವುದಿಲ್ಲ. ಸಮುದ್ರದ ಪೈರೋಕಾಕಸ್ ಜೀವಿಗಳ ಕಿಣ್ವ ತಿದ್ದುತ್ತದೆ. ಜೀನನ್ನು ಅಕ್ಷರ ತಪ್ಪದೆ ನಕಲು ಮಾಡಬೇಕಾದಾಗ ಅದನ್ನೇ ಹುಡುಕುತ್ತಾರೆ.

ಹಾವೇರಿ ಕಡೆಯ ಗೋವಿನಜೋಳದ ಮಾತೂ ಇದೆ. ಅದರ ಪಿಷ್ಟದಿಂದ ಎಥನಾಲ್ ತೆಗೆಯಲು ಮೊದಲು ಬಿಸಿಯಲ್ಲಿ ಗಂಜಿ ಮಾಡಬೇಕು. ಗಂಜಿ ಮಂದವಾಗಿ ಅಂಟದಂತೆ, ಆ ಬಿಸಿಯಲ್ಲೇ ಅದನ್ನು ತೆಳ್ಳಗೆ ಮಾಡುವ ಕಿಣ್ವ ಬೇಕು. ಆಳಗಡಲಿನ ಜೀವಿಗಳ ಕಿಣ್ವಗಳನ್ನು ಬೆಸೆದು ಮಾಡಿದ ಅಂಥದ್ದೊಂದು ಈಗಾಗಲೇ ಮಾರುಕಟ್ಟೆಗೆ ಬಂದಿದೆ.

2024ರ ಡಿಸೆಂಬರ್‌ನಲ್ಲಿ ನಮ್ಮ ದೇಶದ ವಿಜ್ಞಾನಿಗಳೂ ಹಿಂದೂ ಮಹಾಸಾಗರದಲ್ಲಿ 4,500 ಮೀಟರ್ ಆಳದ ಬುಗ್ಗೆಯೊಂದರ ಚಿತ್ರ ತೆಗೆದರು. ಅದರ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ. ಅಷ್ಟರಲ್ಲಿ ಧಾರವಾಡಕ್ಕೆ ಬರುವುದಿದ್ದರೆ ಒಂದು ಕಾಗದ ಹಾಕಿ. ಆ ಟ್ಯೂಬಿನ ಗರಣೆ, ತಿಳಿ ಎರಡನ್ನೂ ನಿಮಗೆ ತೋರಿಸಬೇಕು ಅಂತ ನನಗೆ ಬಹಳ ಆಸೆ.

– ಸಂಪಾದಕ