ಪಿಕಪ್ ಆಮೇಲೆ, ಮೊದಲು ಕುದುರೆ ನೋಡಿ

ಪ್ರಶ್ನೆ: ಸರ್, ನಮ್ಮದು ಆಳಂದ. ವಾರಕ್ಕೊಮ್ಮೆ ಮಠದಲ್ಲಿ ಭಜನೆ, ತತ್ವಪದ ಹಾಡುತ್ತೇವೆ. ಮೂರು ತಿಂಗಳ ಹಿಂದೆ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಯ 8 ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ತರಿಸಿದೆ. ಒತ್ತಿ ಒತ್ತಿ ಬೆರಳು ಉರಿಯುತ್ತವೆ, ಮೇಲಿನ ಸ್ವರಗಳು ಕೂಡುವುದಿಲ್ಲ, ಆಂಪ್ಲಿಫೈಯರ್‌ಗೆ ಹಾಕಿದರೆ ಗುಂಯ್ ಅನ್ನುತ್ತದೆ. ಪಿಕಪ್ (ತಂತಿಯ ನಾದ ಹಿಡಿದು ಆಂಪ್ಲಿಫೈಯರ್‌ಗೆ ಕಳಿಸುವ ಭಾಗ) ಬದಲಿಸಲೇ, ಇದನ್ನು ಮಾರಿ ಬೇರೆ ಕೊಳ್ಳಲೇ?

ಉತ್ತರ: ಸದ್ಯ ಎರಡೂ ಬೇಡ. ಬೆರಳಿನ ಉರಿಗೂ ಅಪಸ್ವರಕ್ಕೂ ಪಿಕಪ್‌ಗೂ ಸಂಬಂಧವೇ ಇಲ್ಲ. ತಂತಿ ಫ್ರೆಟ್‌ಗಿಂತ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಜಾಸ್ತಿ ಎತ್ತರದಲ್ಲಿದೆ, ಅಷ್ಟೇ. ಬ್ರಿಡ್ಜ್, ಅಂದರೆ ನಮ್ಮ ವೀಣೆಯವರು ಹೇಳುವ ಕುದುರೆ, ಅದರ ಎರಡು ಬದಿಗೆ ತಿರುಪು ಇದ್ದರೆ ಸ್ವಲ್ಪ ಸ್ವಲ್ಪ ಇಳಿಸಿ, ತಂತಿ ಫ್ರೆಟ್‌ಗೆ ಬಡಿದು ಝರ್ರ್ ಅಂದ ಕೂಡಲೇ ಒಂದು ಎಳೆ ಮೇಲಕ್ಕೆ ತನ್ನಿ. ಆಮೇಲೆ ಮೊಬೈಲ್‌ನಲ್ಲಿ ಟ್ಯೂನರ್ (ಶ್ರುತಿ ತೋರಿಸುವ ಆ್ಯಪ್) ತೆರೆದು, ಎಲ್ಲೂ ಒತ್ತದೆ ಬಿಟ್ಟ ತಂತಿ ಮೀಟಿ, ನಂತರ 12ನೇ ಫ್ರೆಟ್ ಒತ್ತಿ ಮೀಟಿ. ಅದೇ ಸ್ವರ ಒಂದು ಸಪ್ತಕ ಮೇಲೆ ಬರಬೇಕು. ಏರಿದ್ದರೆ ಕುದುರೆಯನ್ನು ಬಾಲದ ಕಡೆ ಸರಿಸಿ, ಇಳಿದಿದ್ದರೆ ಕುತ್ತಿಗೆ ಕಡೆ. ಎಲ್ಲ ತಂತಿ ಒಮ್ಮೆಲೇ ಬಿಚ್ಚಬೇಡಿ ಮಾರಾಯ್ರೆ, ಕುದುರೆ ಬಿದ್ದು ಜಾಗವೇ ತಪ್ಪುತ್ತದೆ (ನಾನು ಬಿಚ್ಚಿದ್ದೆ, ಒಂದು ಭಾನುವಾರ ಪೂರ್ತಿ ಹೋಯಿತು). ಮೊದಲು ಪೆನ್ಸಿಲ್‌ನಿಂದ ಗುರುತು ಮಾಡಿ.

ಗುಂಯ್ ಸದ್ದಿನ ಮಾತು ಬೇರೆ. ಸಿಂಗಲ್ ಕಾಯಿಲ್ (ಒಂದೇ ತಂತಿಸುರುಳಿಯ) ಪಿಕಪ್ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಹಿಡಿಯುವುದು ಸಹಜ, ಟ್ಯೂಬ್‌ಲೈಟಿನಿಂದ ದೂರ ಕುಳಿತರೇ ಎಷ್ಟೋ ಕಮ್ಮಿಯಾಗುತ್ತದೆ. ತಂತಿ ಮುಟ್ಟಿದರೂ ತಗ್ಗದ ಸದ್ದು, ವೈರ್ ಸಿಕ್ಕಿಸುವ ಜ್ಯಾಕಿನ ಲೋಹ ಮುಟ್ಟಿದರೆ ತಗ್ಗುತ್ತದೆಯೇ? ಹಾಗಾದರೆ ತಂತಿಗೆ ಹೋಗುವ ಅರ್ತಿಂಗ್ ವೈರ್ ಬಿಟ್ಟಿರಬಹುದು. ರೇಡಿಯೊ, ಟಿವಿ ರಿಪೇರಿಯವರು ಹತ್ತು ನಿಮಿಷದಲ್ಲಿ ಬೆಸುಗೆ ಹಾಕಿಕೊಡುತ್ತಾರೆ. ಆಂಪ್ಲಿಫೈಯರ್ ಪ್ಲಗ್ಗಿನ ಮೂರನೇ ಪಿನ್ (ಅರ್ತಿಂಗಿನದು) ಮಾತ್ರ ಮುರಿಯಬೇಡಿ. ಜಾತ್ರೆಯ ಪೆಂಡಾಲಿನಲ್ಲಿ ಜನರೇಟರ್ ಮೇಲೆ ನುಡಿಸುವಾಗ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿ ನಾನು ಶಾಕ್ ತಿಂದವನು.

ಇಷ್ಟಾದ ಮೇಲೂ ದಪ್ಪ ತಂತಿಗಳ ದನಿ ಮಂಕಾಗಿಯೇ ಇದ್ದರೆ ಅವುಗಳ ಮೇಲಿನ ಸುತ್ತು ಕಂಚಿನದೋ ಏನೋ ನೋಡಿ. ಅಯಸ್ಕಾಂತದ ಪಿಕಪ್ ಕಂಚನ್ನು ಸರಿಯಾಗಿ ಹಿಡಿಯುವುದಿಲ್ಲ. ನಿಕಲ್ ಸುತ್ತಿನ ಸೆಟ್ ಹಾಕಿ, ಆದರೆ ನಿಮ್ಮದಕ್ಕೆ ಉಂಗುರದ ತುದಿಯೋ ಗುಂಡಿನ ತುದಿಯೋ ನೋಡಿಕೊಂಡೇ ತರಿಸಿ. ಪಿಕಪ್ ಕಟ್ಟಕಡೆಗೆ.

ಇನ್ನೊಂದು. ಇದರ ಶ್ರುತಿ ಪಿಟೀಲಿನಂತೆ ಜಿ, ಡಿ, ಎ, ಇ. ಹಾರ್ಮೋನಿಯಂ ಬಿಳಿ 5ರಲ್ಲಿ, ಅಂದರೆ ಜಿ ಶ್ರುತಿಯಲ್ಲಿ, ಹಾಡುವವರಾದರೆ ಎ ಜೋಡಿಯನ್ನು ಜಿಗೆ, ಇ ಜೋಡಿಯನ್ನು ಡಿಗೆ ಇಳಿಸಿ. ಸ, ಪ, ಸ, ಪ ಆಯಿತಲ್ವಾ! ಭಜನೆಗೆ ಇದೇ ಸುಲಭ, ಇಳಿಸುವುದರಿಂದ ತಂತಿ ಕಡಿಯುವ ಭಯವೂ ಇಲ್ಲ.

ಪ್ರಶ್ನೆ: ಬೀದರ್‌ನಿಂದ ಬರೆಯುತ್ತಿದ್ದೇನೆ. ಮಗಳಿಗೆ ರಾಗ ಕಲಿಯುವ ಆಸೆ. 4 ತಂತಿಯದೋ, 8 ತಂತಿಯದೋ?

ಉತ್ತರ: ರಾಗಕ್ಕಾದರೆ 4 ತಂತಿಯದು, ಅಂದರೆ ಜೋಡಿಯಿಲ್ಲದ ಒಂಟಿ ತಂತಿಗಳದು. ಗಮಕಕ್ಕೆ, ಮೀಂಡಿಗೆ (ಸ್ವರದಿಂದ ಸ್ವರಕ್ಕೆ ಜಾರುವುದು) ತಂತಿ ಎಳೆಯಬೇಕು, ಜೋಡಿ ತಂತಿಯನ್ನು ಸಮನಾಗಿ ಎಳೆಯುವುದು ಎಳೆ ಬೆರಳಿಗೆ ಕಷ್ಟ. ಆಂಧ್ರದ ಪಾಲಕೊಲ್ಲಿನ ಮ್ಯಾಂಡೊಲಿನ್ ವಾದಕ ಯು. ಶ್ರೀನಿವಾಸ್ (1969–2014) ಕರ್ನಾಟಕ ಸಂಗೀತ ನುಡಿಸಿದ್ದು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲೇ. 8 ತಂತಿಯದೇ ಸಿಕ್ಕಿದರೆ ಪ್ರತಿ ಜೋಡಿಯಿಂದ ಒಂದೊಂದು ತೆಗೆದು ನೋಡಿ, ಖರ್ಚಿಲ್ಲ, ಬೇಡವಾದರೆ ಮತ್ತೆ ಕಟ್ಟಿದರಾಯಿತು.

ಅಂಗಡಿಗೆ ಹೋಗಿಯೇ ಕೊಳ್ಳಿ, ಹೈದರಾಬಾದ್ ನಿಮಗೆ ಹತ್ತಿರ. ಕುತ್ತಿಗೆಯ ಅಂಚಿನ ಮೇಲೆ ಬೆರಳು ಸವರಿ, ಫ್ರೆಟ್ ತುದಿ ಚುಚ್ಚಿದರೆ ಬಿಟ್ಟುಬಿಡಿ. ನಮ್ಮ ಕಡೆ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಚುಚ್ಚುವುದು ಇನ್ನೂ ಜಾಸ್ತಿಯಾಗುತ್ತದೆ. ತಗಡಿನ ಕೋಣೆಯಲ್ಲಿ ಗೋಡೆಗೆ ತೂಗುಹಾಕಬೇಡಿ, ಪೆಟ್ಟಿಗೆಯಲ್ಲಿಡಿ.

ಪ್ರಶ್ನೆ: ಯಾದಗಿರಿಯ ಕಾಲೇಜು ವಿದ್ಯಾರ್ಥಿ. ದೊಡ್ಡ ಆಂಪ್ಲಿಫೈಯರ್ ಬೇಕೇ?

ಉತ್ತರ: ಬೇಡಪ್ಪಾ. ಮನೆಗೆ 10 ವ್ಯಾಟಿನದು ಧಾರಾಳ. ಅದನ್ನೂ ಸಂಜೆ ಎಂಟರ ಮೇಲೆ ಇಯರ್‌ಫೋನ್ ಸಿಕ್ಕಿಸಿ ನುಡಿಸು, ಪಕ್ಕದ ಮನೆಯವರೂ ಮನುಷ್ಯರೇ.