ಪಿಚ್ಚಿನ ಕೃಪೆಯಲ್ಲ ಸ್ವಾಮಿ, ಮಣಿಕಟ್ಟಿನ ದುಡಿಮೆ

ಕಳೆದ ಸಂಚಿಕೆಯ ವೇಗದ ಬೌಲಿಂಗ್ ಲೇಖನ ಓದಿ ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಗಾರ್ಮೆಂಟ್ಸ್‌ನಲ್ಲಿ ಬಟ್ಟೆಯ ಜೋಡಣೆಗೆ ಸೀಮ್ ಅಂತಾರೆ, ಗಣಿಯಲ್ಲಿ ಕಲ್ಲಿದ್ದಲ ಪದರಕ್ಕೂ ಸೀಮ್, ಕ್ರಿಕೆಟ್ಟಿನಲ್ಲೂ ಸೀಮ್. ಇವಕ್ಕೇನು ಸಂಬಂಧ? ಅಲ್ಲದೆ, ಸ್ವಿಂಗ್ ಮಾಡುವುದು ಕಲೆ. ಸೀಮ್ ಆಗುವುದು ಪಿಚ್ಚಿನ ಕೃಪೆ. ಅದನ್ನು ಅಷ್ಟೊಂದು ಹೊಗಳಬೇಕಿತ್ತೆ?”

ಮೊದಲ ಪ್ರಶ್ನೆ ಸುಲಭ. ಮೂಲ ಅರ್ಥ ಹೊಲಿಗೆಯೇ. ಎರಡು ಬಂಡೆಗಳ ನಡುವೆ ಗೆರೆಯಂತೆ ಹಾಯುವ ಕಲ್ಲಿದ್ದಲಿಗೆ ಆ ಹೆಸರು ಆಮೇಲೆ ಅಂಟಿತು. ಚೆಂಡಿನದು ಮಾತ್ರ ಅಪ್ಪಟ ಹೊಲಿಗೆ: ಕಾರ್ಕಿನ ಗುಂಡಿಗೆ ದಾರ ಸುತ್ತಿ, ಮೇಲೆ ಕೂರಿಸಿದ ಚರ್ಮದ ಎರಡು ಬಟ್ಟಲುಗಳನ್ನು ಆರು ಸಾಲು ದಾರದಿಂದ ಹಿಡಿದಿಡುವುದು ಅದೇ.

ಎರಡನೆಯ ಮಾತಿಗೆ ನನ್ನ ತಕರಾರಿದೆ. ಸ್ವಿಂಗ್ ಎಂದರೆ ಚೆಂಡು ಗಾಳಿಯಲ್ಲೇ ಬಾಗುವುದು, ಸೀಮ್ ಆಗುವುದೆಂದರೆ ನೆಲಕ್ಕೆ ಬಿದ್ದ ಮೇಲೆ ಪಕ್ಕಕ್ಕೆ ಸರಿಯುವುದು. ಸ್ವಿಂಗ್ ಸುಂದರ, ಇಲ್ಲವೆನ್ನಲಾರೆ. ಆದರೆ ಗಾಳಿಯಲ್ಲಿ ಬಾಗುವ ಚೆಂಡನ್ನು ಒಳ್ಳೆಯ ಬ್ಯಾಟ್ಸ್‌ಮನ್ ನೋಡಿ ಆಡಬಲ್ಲ. ನೆಲಕ್ಕೆ ಬಿದ್ದ ಮೇಲೆ ಅರ್ಧ ಬ್ಯಾಟಿನಷ್ಟು ಸರಿಯುವ ಚೆಂಡಿಗೆ ಅವನ ಬಳಿ ಸಮಯವೇ ಇಲ್ಲ. ಹಾಗೆ ಸರಿಯಬೇಕಾದರೆ ಹೊಲಿಗೆಯೇ ನೆಲಕ್ಕೆ ತಾಗಬೇಕು. ತೋರುಬೆರಳು ಮತ್ತು ನಡುಬೆರಳು ಹೊಲಿಗೆಯ ಎರಡು ಬದಿಗೆ, ಮಣಿಕಟ್ಟು ನೇರ ಹಿಂದೆ. ಬಿಡುವಾಗ ಕೂದಲೆಳೆಯಷ್ಟು ವಾಲಿದರೂ ಕೆಟ್ಟಿತು. ದಿನವಿಡೀ, ಓವರಿನ ಮೇಲೆ ಓವರು ಇದನ್ನು ಸಾಧಿಸುವುದು ಕೃಪೆಯೆ? ಆಸ್ಟ್ರೇಲಿಯಾದ ಬೌಲರ್ ಮೆಕ್‌ಗ್ರಾ ಟೆಸ್ಟ್‌ಗಳಲ್ಲಿ 563 ವಿಕೆಟ್ ಕಿತ್ತದ್ದು ಮಿಂಚಿನ ವೇಗದಿಂದಲ್ಲ.

ದೂರ ಹೋಗುವುದೇಕೆ, ನಮ್ಮ ವೆಂಕಟೇಶ ಪ್ರಸಾದ್ ಇಲ್ಲವೆ? 1996ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಡರ್ಬನ್ ಟೆಸ್ಟಿನ ಎರಡೂ ಇನ್ನಿಂಗ್ಸ್‌ಗಳಲ್ಲಿ ಐದೈದು ವಿಕೆಟ್. ಪಿಚ್ಚು ನೆರವಾಗಿತ್ತು, ಒಪ್ಪೋಣ. ಆದರೆ ಹೊಲಿಗೆಯ ಮೇಲೆ ಬೆರಳು ಜಾರಿಸಿ ಹಾಕುತ್ತಿದ್ದ, ಬಲಗೈ ಬ್ಯಾಟ್ಸ್‌ಮನ್‌ನಿಂದ ಆಚೆಗೆ ಸರಿಯುವ ಆ ಲೆಗ್ ಕಟರನ್ನು ಯಾವ ಪಿಚ್ಚೂ ಕಲಿಸಿಕೊಡುವುದಿಲ್ಲ. ಭಾರತ 100 ಮತ್ತು 66ಕ್ಕೆ ಆಲೌಟಾಗಿ ಸೋತದ್ದರಿಂದ ಆ ಹತ್ತು ವಿಕೆಟ್‌ಗಳ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ. ನನಗೆ ಇಂದಿಗೂ ಸಂಕಟವಾಗುವ ಸಂಗತಿಯಿದು.

ತಪ್ಪು ನಿಮ್ಮೊಬ್ಬರದಲ್ಲ ಬಿಡಿ. ಇಷ್ಟು ಕಾಳಜಿಯಿಂದ ಬರೆಯುವ ಓದುಗರೇ ಅಪರೂಪ. ಟಿವಿಯವರು ಪ್ರತಿ ಎಸೆತಕ್ಕೂ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ತೋರಿಸುತ್ತಾರೆ, ಹೊಲಿಗೆ ನೆಟ್ಟಗಿತ್ತೇ ಎಂದು ತೋರಿಸುವುದು ಯಾವಾಗಲೋ ಒಮ್ಮೆ. ನೆಟ್ಸ್‌ಗೆ ಬರುವ ಹುಡುಗರೂ 140 ಮುಟ್ಟಿದೆನಾ ಎಂದೇ ಕೇಳುತ್ತಾರೆ.

ಇನ್ನು ಆ ಹೊಲಿಗೆ ಹಾಕುವವರ ಪಾಡು ಕೇಳುವವರಾರು? ದೇಶವಿಭಜನೆಯ ಕಾಲದಲ್ಲಿ ಸಿಯಾಲ್‌ಕೋಟ್‌ನಿಂದ ಮೀರತ್ತಿಗೆ ಬಂದ ಕಸುಬು ಅದು. ನಮ್ಮ ಟೆಸ್ಟ್‌ಗಳಲ್ಲಿ ಬಳಸುವ ಎಸ್‌ಜಿ ಕಂಪನಿಯ ಚೆಂಡಿನ ಆರೂ ಸಾಲನ್ನು ಇವತ್ತಿಗೂ ಅಲ್ಲಿ ಕೈಯಲ್ಲೇ ಹೊಲಿಯುತ್ತಾರೆ. ಆಸ್ಟ್ರೇಲಿಯಾದ ಕೂಕಬುರಾ ಕಂಪನಿಯ ಚೆಂಡಿನಲ್ಲಿ ಹೊರಸಾಲುಗಳು ಯಂತ್ರದವು. ಬ್ಯಾಟಿನ ಮರ ಇಂಗ್ಲೆಂಡಿನದೋ ಕಾಶ್ಮೀರದ್ದೋ ಎಂದು ವಿವರಿಸುವ ವೀಕ್ಷಕ ವಿವರಣೆಕಾರರು ಚೆಂಡು ಹೊಲಿದವರ ಬಗ್ಗೆ ಒಂದು ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

– ಸಂ.