ಆ ‘ಹೇಗೋ’ ಬಗ್ಗೆ ಬರೆಯಿರಿ

ಪ್ರಿಯ ಬರಹಗಾರರೇ,

ನಿಮ್ಮ ‘ಯಂತ್ರದ ಕುಂಚ, ಮನುಷ್ಯನ ಮನಸ್ಸು’ ಲೇಖನ ಕೈಸೇರಿತು. ಎರಡು ಸಲ ಓದಿದೆ. ಎಐ ಬಳಸಿ ಮಾಡಿದ ಚಿತ್ರದಲ್ಲಿ ಮನುಷ್ಯನ ಪಾಲು ಎಷ್ಟು, ಯಾವುದು ಎಂದು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ಆದರೆ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಎರಡು ಸಾಲಿನಲ್ಲಿ ‘ವಿಷಾದಿಸುತ್ತೇವೆ’ ಅಂತ ಬರೆದು ಕಳಿಸಬಹುದಿತ್ತು. ಹಾಗೆ ಮಾಡಲು ಮನಸ್ಸಾಗಲಿಲ್ಲ. ಕಾರಣ ನಿಮ್ಮ ಏಳನೇ ಪುಟ.

ಒಂಬತ್ತು ಪುಟಗಳಲ್ಲಿ ನಿಜವಾದ ಲೇಖನ ಇರುವುದು ಅಲ್ಲಿ, ಬರೀ ಆರು ಸಾಲಿನಲ್ಲಿ. ನಿಮ್ಮ ಅಪ್ಪ ಎಡಚರು. ರಾತ್ರಿ ಊಟವಾದ ಮೇಲೆ ಮೇಜಿನ ಮುಂದೆ ಕೂತು ಲೆಕ್ಕ ಬರೆಯುತ್ತಿದ್ದರು. ಹಾಗೆ ಬರೆಯುತ್ತಿರುವ ಫೋಟೊ ಒಂದೂ ಮನೆಯಲ್ಲಿಲ್ಲ. ಅದಕ್ಕೇ ಎಐ ಹತ್ತಿರ ಚಿತ್ರ ಕೇಳಿದಿರಿ. ಎಷ್ಟು ಸಲ ‘ಎಡಗೈ’ ಅಂತ ಬರೆದರೂ ಪೆನ್ನು ಬಲಗೈಗೇ ಹೋಯಿತು. ಕೊನೆಗೆ ಚಿತ್ರವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿದಿರಿ. ಪೆನ್ನು ಎಡಗೈಗೆ ಬಂತು. ಆದರೆ ಅಂಗಿಯ ಜೇಬು ಬಲಗಡೆಗೆ ಹೋಯಿತು. ಆಮೇಲೆ ಹೀಗೆ ಬರೆದಿದ್ದೀರಿ: ‘ಕೊನೆಗೆ ಹೇಗೋ ಸರಿ ಮಾಡಿದೆ.’

ಈ ‘ಹೇಗೋ’ ಓದಿದಾಗ ಪೆನ್ನು ಕೆಳಗಿಟ್ಟೆ. ಮೊದಲ ಆರು ಪುಟದಲ್ಲಿ ಮನುಷ್ಯನ ಸ್ಪರ್ಶ, ಮನುಷ್ಯನ ಆತ್ಮ, ಮನುಷ್ಯನ ಸಂವೇದನೆ ಅಂತ ಹನ್ನೊಂದು ಸಲ ಬರೆದಿದ್ದೀರಿ. ಅಷ್ಟೂ ಸಲ ನನಗೆ ಏನೂ ಕಾಣಲಿಲ್ಲ. ಕಾಣುವ ಹೊತ್ತು ಬಂದಾಗ ‘ಹೇಗೋ’ ಅಂದು ಬಾಗಿಲು ಹಾಕಿಬಿಟ್ಟಿರಿ! ನೀವು ಕೇಳಿದ ಪ್ರಶ್ನೆಗೆ ಉತ್ತರ ಇರುವುದು ಆ ಬಾಗಿಲ ಹಿಂದೆ.

ಜೇಬನ್ನು ಏನು ಮಾಡಿದಿರಿ? ಅಳಿಸಿ ಎಡಗಡೆ ಹೊಸದಾಗಿ ಬಿಡಿಸಿದಿರಾ? ಅಥವಾ ಅಂಗಿಯಷ್ಟನ್ನು ಮತ್ತೆ ಯಂತ್ರಕ್ಕೆ ಕೊಟ್ಟಿರಾ? ಅಪ್ಪ ಜೇಬಿನಲ್ಲಿ ಏನಿಟ್ಟುಕೊಳ್ಳುತ್ತಿದ್ದರು? ಜೇಬು ಯಾವ ಕಡೆ ಇದ್ದರೇನು ಅಂತ ಒಬ್ಬರಾದರೂ ಅಂದಿರುತ್ತಾರೆ, ಅಲ್ವಾ? ನಿಮಗೆ ಯಾಕೆ ಬಿಡಲಾಗಲಿಲ್ಲ? ಯಾರೂ ಗಮನಿಸದ ಒಂದು ಜೇಬಿಗೆ ರಾತ್ರಿಯೆಲ್ಲ ಕೂತಿದ್ದೀರಿ ಅಂದರೆ, ಆ ರಾತ್ರಿಯ ಕೆಲಸವೇ ನಿಮ್ಮ ಪಾಲು. ಅದನ್ನು ಬರೆಯದೆ ‘ಸಂವೇದನೆ’ ಅಂತ ಬರೆದರೆ ಓದುಗರು ನಂಬಬೇಕು ಯಾಕೆ?

ಇನ್ನೊಂದು. ನೀವು ಲಗತ್ತಿಸಿದ ಕೊನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ದೀಪ ಮೇಜಿನ ಬಲಗಡೆ ಇದೆ. ಎಡಗೈಯಲ್ಲಿ ಬರೆಯುವವರು ದೀಪವನ್ನು ಬಲಕ್ಕೇ ಇಟ್ಟುಕೊಳ್ಳುವುದು. ಎಡಕ್ಕಿಟ್ಟರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಅಪ್ಪ ಹಾಗೇ ಇಡುತ್ತಿದ್ದರೇ? ಅಥವಾ ಬಲಗೈಯವರಿಗೆ ಅಂತ ಯಂತ್ರ ಎಡಕ್ಕಿಟ್ಟ ದೀಪ, ಚಿತ್ರ ತಿರುಗಿಸಿದಾಗ ತಾನಾಗಿ ಬಲಕ್ಕೆ ಬಂತೇ? ಎರಡನೆಯದೇ ನಿಜವಾದರೂ ಬೇಸರ ಬೇಡ. ತಾನಾಗಿ ಬಂದದ್ದನ್ನು ನೋಡಿ, ‘ಹೌದು, ಹೀಗೇ ಇತ್ತು’ ಅಂತ ಉಳಿಸಿಕೊಂಡಿರಾ, ಅಥವಾ ಅದು ಕಣ್ಣಿಗೇ ಬೀಳಲಿಲ್ಲವಾ? ಈ ಎರಡರ ನಡುವೆ ತುಂಬಾ ದೂರವಿದೆ. ಪ್ರಾಮಾಣಿಕವಾಗಿ ಬರೆಯಿರಿ. ಕಣ್ಣಿಗೆ ಬೀಳಲಿಲ್ಲ ಅಂತಾದರೆ ಅದನ್ನೂ ಬರೆಯಿರಿ. ನಿಮ್ಮ ಪಾಲು ಎಲ್ಲಿಯವರೆಗೆ ಅಂತ ಓದುಗರಿಗೆ ಗೊತ್ತಾಗಬೇಕಾದರೆ ಅದು ಎಲ್ಲಿ ಇರಲಿಲ್ಲ ಅಂತಲೂ ಗೊತ್ತಾಗಬೇಕು.

‘ಯಂತ್ರ ಹಠ ಹಿಡಿಯಿತು’ ಅಂದಿದ್ದೀರಿ. ಮಾತಿಗೆ ಸರಿ, ಲೇಖನಕ್ಕೆ ಸಾಲದು. ಅದಕ್ಕೆ ಹಠ ಇಲ್ಲ. ಚಿತ್ರ ಮಾಡುವ ಇಂಥ ಬಹುಪಾಲು ಎಐ ಮಾದರಿಗಳು ಕೆಲಸ ಶುರು ಮಾಡುವುದು ಅರ್ಥವಿಲ್ಲದ ಚುಕ್ಕಿಗಳ ರಾಶಿಯಿಂದ. ಹಂತ ಹಂತವಾಗಿ ಆ ಚುಕ್ಕಿಗಳ ಗದ್ದಲವನ್ನು ತೆಗೆಯುತ್ತಾ, ನೀವು ಬರೆದ ಮಾತಿಗೆ ಹೊಂದುವ ಚಿತ್ರದ ಕಡೆ ಹೋಗುತ್ತವೆ. ಹೊಂದುತ್ತದೆಯೋ ಇಲ್ಲವೋ ಅನ್ನುವುದನ್ನು ಕಲಿತಿರುವುದು ಕೋಟಿಗಟ್ಟಲೆ ಫೋಟೊಗಳಿಂದ. ಬರೆಯುತ್ತಿರುವವರ ಫೋಟೊಗಳಲ್ಲಿ ಹೆಚ್ಚಿನವರು ಬಲಗೈಯವರು. ಹಾಗಾಗಿ ‘ಬರೆಯುವುದು’ ಅಂದ ಕೂಡಲೇ ಬಲಗೈ ಬರುತ್ತದೆ. ಗಡಿಯಾರದ ಕಥೆಯೂ ಇದೇ. ಯಾವ ಹೊತ್ತು ಕೇಳಿದರೂ ಮುಳ್ಳುಗಳು ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಲ್ಲುವುದು ತುಂಬಾ ದಿನ ನಡೆಯಿತು. ಜಾಹೀರಾತುಗಳಲ್ಲಿ ಗಡಿಯಾರವನ್ನು ಹಾಗೆ ಇಟ್ಟೇ ಫೋಟೊ ತೆಗೆಯುವುದು ರೂಢಿ. ಯಂತ್ರಕ್ಕೆ ಗೊತ್ತಿರುವುದು ಸಾಮಾನ್ಯವಾಗಿ ಹೇಗಿರುತ್ತದೆ ಅನ್ನುವುದು. ನಿಮ್ಮ ಅಪ್ಪ ಹೇಗಿದ್ದರು ಅನ್ನುವುದು ನಿಮಗೆ ಮಾತ್ರ ಗೊತ್ತು. ಇಷ್ಟನ್ನು ಏಳನೇ ಪುಟದಲ್ಲಿ ನಾಲ್ಕು ಸಾಲು ಸೇರಿಸಿದರೆ ಅಪ್ಪನ ಎಡಗೈಗೆ ಎಷ್ಟು ತೂಕ ಬರುತ್ತದೆ ನೋಡಿ.

ಆ ಫೋಟೊಗಳ ವಿಷಯ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಅದು ದೊಡ್ಡ ಕೊರತೆ. 2022ರಲ್ಲಿ ಹೊರಬಂದ ಲಯಾನ್-5ಬಿ ಎಂಬ ಸಂಗ್ರಹದಲ್ಲಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿ ಮತ್ತು ವಿವರಣೆಗಳ ಜೋಡಿ ಇತ್ತು. ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಮಾಡುವ ಎಐ ಕಲಿತದ್ದು ಅಂಥ ಸಂಗ್ರಹದ ಭಾಗಗಳಿಂದಲೇ. ಅವುಗಳಲ್ಲಿ ಬಹಳಷ್ಟನ್ನು ಯಾರೋ ಕೂತು ಬಿಡಿಸಿದ್ದು, ಯಾರೋ ನಿಂತು ಕ್ಲಿಕ್ಕಿಸಿದ್ದು. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಮನುಷ್ಯನ ಪಾಲು ಯಾವುದು ಅಂತ ಕೇಳಿ ಇವರನ್ನು ಬಿಟ್ಟರೆ ನ್ಯಾಯವಾಗುವುದಿಲ್ಲ. ನೀವು ಯಾವ ಕಡೆ ನಿಲ್ಲಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಅಪ್ಪನ ಚಿತ್ರದಲ್ಲಿ ಆ ಮೇಜು, ಆ ಬೆಳಕು ಎಲ್ಲಿಂದ ಬಂತು ಅಂತ ಒಂದು ಕ್ಷಣವಾದರೂ ಯೋಚಿಸಬೇಕು.

ಇನ್ನು ತಪ್ಪುಗಳು. ಎರಡನೇ ಪುಟದಲ್ಲಿ ‘ಎಐ ಕಲೆ 2022ರಲ್ಲಿ ಹುಟ್ಟಿತು’ ಅಂತಿದೆ. ಹೆರಾಲ್ಡ್ ಕೋಹೆನ್ ಎಂಬ ಚಿತ್ರಕಲಾವಿದ 1970ರ ದಶಕದ ಶುರುವಿನಲ್ಲೇ ಆರನ್ ಎಂಬ ಚಿತ್ರ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕೂತಿದ್ದರು. 2016ರಲ್ಲಿ ತೀರಿಕೊಳ್ಳುವವರೆಗೂ ಅದರ ಜೊತೆಗೇ ಇದ್ದರು. ಮೊದಮೊದಲು ಗೆರೆ ಯಂತ್ರದ್ದು, ಬಣ್ಣ ಕೋಹೆನ್ ಅವರದು. 1990ರ ದಶಕದಲ್ಲಿ ಬಣ್ಣ ಹಾಕುವುದನ್ನೂ ಯಂತ್ರಕ್ಕೆ ಕಲಿಸಿದರು. ಕೊನೆಯ ವರ್ಷಗಳಲ್ಲಿ ಬಣ್ಣವನ್ನು ಮತ್ತೆ ತಮ್ಮ ಕೈಗೆ ತೆಗೆದುಕೊಂಡರು. ನನಗೆ ಇದು ತುಂಬಾ ಇಷ್ಟವಾದ ಸಂಗತಿ. ಕೊಟ್ಟ ಕೆಲಸವನ್ನು ಒಬ್ಬ ಕಲಾವಿದ ಯಾಕೆ ವಾಪಸ್ ಪಡೆಯುತ್ತಾನೆ? ಯಂತ್ರಕ್ಕೆ ಬರುವುದಿಲ್ಲ ಅಂತ ಅಲ್ಲ, ಬರುತ್ತಿತ್ತು. ನಿಮ್ಮ ಜೇಬಿನ ರಾತ್ರಿಗೂ ಈ ಬಣ್ಣಕ್ಕೂ ಸಂಬಂಧ ಇದೆ ಅಂತ ನನಗೆ ಅನಿಸುತ್ತದೆ. ನೀವೂ ಯೋಚಿಸಿ.

ಮೂರನೇ ಪುಟದಲ್ಲಿ ‘ಎಡ್ಮಂಡ್ ದ ಬೆಲಾಮಿ’ ಎಂಬ ಎಐ ಭಾವಚಿತ್ರದ ಬಗ್ಗೆ ‘ಮನುಷ್ಯನ ಕೈ ಸೋಕದೆ ತಯಾರಾಗಿ ಕೋಟಿಗಳಿಗೆ ಮಾರಾಟವಾಯಿತು’ ಅಂದಿದ್ದೀರಿ. ಹರಾಜು ನಡೆದದ್ದು ನಿಜ, 2018ರ ಅಕ್ಟೋಬರ್‌ನಲ್ಲಿ. ಏಳರಿಂದ ಹತ್ತು ಸಾವಿರ ಡಾಲರ್ ಬರಬಹುದು ಅಂದುಕೊಂಡಿದ್ದ ಚಿತ್ರಕ್ಕೆ 4,32,500 ಡಾಲರ್ ಬಂತು. ಆದರೆ ಕೈ ಸೋಕದೆ ಅನ್ನುವುದು ಪೂರ್ತಿ ತಪ್ಪು. ಆ ಚಿತ್ರ ಮಾಡಿದ ಎಐ ತಂತ್ರವನ್ನು 2014ರಲ್ಲಿ ಮುಂದಿಟ್ಟವರು ಇಯಾನ್ ಗುಡ್‌ಫೆಲೊ ಮತ್ತು ಜೊತೆಗಾರರು. ಕೋಡ್‌ನ ಒಂದು ಭಾಗ ರಾಬಿ ಬ್ಯಾರಟ್ ಎಂಬ ಹುಡುಗ ಎಲ್ಲರಿಗೂ ಬಿಟ್ಟುಕೊಟ್ಟಿದ್ದು. ಕಲಿಸಲು ಬಳಸಿದ 15,000 ಭಾವಚಿತ್ರಗಳನ್ನು ಬಿಡಿಸಿದವರು ಹಿಂದಿನ ಕಾಲದ ಕಲಾವಿದರು. ಆರಿಸಿ, ಕ್ಯಾನ್‌ವಾಸ್ ಮೇಲೆ ಮುದ್ರಿಸಿ, ಚೌಕಟ್ಟು ಹಾಕಿ ಮಾರಾಟಕ್ಕಿಟ್ಟವರು ಆಬ್ವಿಯಸ್ ಎಂಬ ಫ್ರಾನ್ಸಿನ ತಂಡದ ಮೂವರು. ಸಹಿಯ ಜಾಗದಲ್ಲಿ ಒಂದು ಗಣಿತ ಸೂತ್ರ ಹಾಕೋಣ ಅಂತ ತೀರ್ಮಾನಿಸಿದ್ದೂ ಅವರೇ. ಎಷ್ಟು ಕೈಗಳು ಸೋಕಿವೆ! ಆ ಸೂತ್ರದ ಸಹಿ ಇವನ್ನೆಲ್ಲ ಮುಚ್ಚಿತು. ಅದನ್ನು ಬಯಲು ಮಾಡಬೇಕಾದ ನೀವೂ ಅದರ ಜೊತೆ ಸೇರಿಬಿಟ್ಟಿರಿ.

ಐದನೇ ಪುಟದಲ್ಲಿ ಜೇಸನ್ ಆಲನ್ ‘ಒಂದೇ ಒಂದು ಸಾಲು ಟೈಪ್ ಮಾಡಿ’ ಬಹುಮಾನ ಗೆದ್ದರು ಅಂತಿದೆ. 2022ರಲ್ಲಿ ಕೊಲರಾಡೊದ ಸ್ಪರ್ಧೆಯಲ್ಲಿ ಗೆದ್ದ ಆ ಚಿತ್ರಕ್ಕಾಗಿ ಮಿಡ್‌ಜರ್ನಿ ಎಂಬ ಎಐ ಸಾಧನದಲ್ಲಿ ಕಡಿಮೆಯೆಂದರೂ 624 ಸಲ ಪ್ರಾಂಪ್ಟ್ (ಯಂತ್ರಕ್ಕೆ ಬರೆದುಕೊಡುವ ಸೂಚನೆ) ಬದಲಿಸಿದ್ದಾಗಿ ಅವರೇ ಹೇಳಿದ್ದಾರೆ. ಆಮೇಲೆ ಫೋಟೊಶಾಪ್‌ನಲ್ಲೂ ತಿದ್ದಿದ್ದಾರೆ. ಹಾಗಿದ್ದೂ ಅಮೆರಿಕದ ಕಾಪಿರೈಟ್ ಕಚೇರಿ 2023ರಲ್ಲಿ ನೋಂದಣಿಗೆ ಒಪ್ಪಲಿಲ್ಲ. ಯಂತ್ರ ಮಾಡಿದ ಭಾಗವನ್ನು ಬಿಟ್ಟು ಅರ್ಜಿ ಹಾಕಿ ಅಂದಿತು, ಅವರು ಒಪ್ಪಲಿಲ್ಲ. ಅದೇ ವರ್ಷ ಕ್ರಿಸ್ ಕಷ್ಟನೋವಾ ಅವರ, ಎಐ ಚಿತ್ರಗಳಿದ್ದ ಕಾಮಿಕ್ ಪುಸ್ತಕವೊಂದರಲ್ಲಿ ಬರೆದ ಮಾತಿಗೆ, ಚಿತ್ರಗಳನ್ನು ಆರಿಸಿ ಜೋಡಿಸಿದ ಕ್ರಮಕ್ಕೆ ಹಕ್ಕು ಕೊಟ್ಟಿತು. ಬಿಡಿ ಬಿಡಿ ಚಿತ್ರಗಳಿಗೆ ಕೊಡಲಿಲ್ಲ.

ಇದರಿಂದ ನೀವು ‘ಶ್ರಮ ಜಾಸ್ತಿ ಇದ್ದರೆ ಕಲೆ’ ಎನ್ನುವ ಕಡೆ ಹೋಗಬೇಡಿ. ಎಂಟನೇ ಪುಟದಲ್ಲಿ ಆ ಕಡೆ ವಾಲಿದ್ದೀರಿ. 624 ಬರೀ ಎಣಿಕೆ. ಆರುನೂರು ಚಿತ್ರ ಬಂದು, ಚೆನ್ನಾಗಿ ಕಾಣುತ್ತದೆ ಅಂತ ಸುಮ್ನೆ ಒಂದನ್ನು ಎತ್ತಿಕೊಂಡರೆ ಅದು ಅಂಗಡಿಯಲ್ಲಿ ಬಟ್ಟೆ ಆರಿಸಿದ ಹಾಗೆ. ಎರಡೇ ಚಿತ್ರ ಬಂದಿದ್ದರೂ ‘ಇದು ಅಪ್ಪ ಅಲ್ಲ’ ಅಂತ ಹೇಳಲು ಬಂದರೆ, ಯಾಕೆ ಅಲ್ಲ ಅಂತಲೂ ಗೊತ್ತಿದ್ದರೆ, ಅಲ್ಲಿ ನೀವಿದ್ದೀರಿ. ನನ್ನ ಪಾಲಿಗೆ ಮನುಷ್ಯನ ಕೆಲಸ ಶುರುವಾಗುವುದು ಪ್ರಾಂಪ್ಟ್ ಬರೆದಾಗ ಅಲ್ಲ, ಬಂದದ್ದನ್ನು ನೋಡಿ ‘ಇದಲ್ಲ’ ಅಂದಾಗ. ಇದು ನನ್ನ ಅಭಿಪ್ರಾಯ. ಒಪ್ಪದಿದ್ದರೆ ಲೇಖನದಲ್ಲಿ ನನ್ನ ಜೊತೆ ಜಗಳವಾಡಿ, ಖುಷಿಯಿಂದ ಓದುತ್ತೇನೆ.

ಮನುಷ್ಯನ ಪಾಲು ಯಾವುದು ಅಂತ ಹೆಸರಿಟ್ಟು ಹೇಳುವುದು ಅಂದರೆ ಏನು ಅನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಕೊಡುತ್ತೇನೆ. 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಒಂದು ಫೋಟೊ ಬಂತು. ನೆಪೋಲಿಯನ್ ಸರೋನಿ ಎಂಬ ಫೋಟೊಗ್ರಾಫರ್ ತೆಗೆದ, ಸಾಹಿತಿ ಆಸ್ಕರ್ ವೈಲ್ಡ್ ಅವರ ಭಾವಚಿತ್ರ. ಅದನ್ನು ಕೇಳದೆ ಪ್ರತಿ ಮಾಡಿದ ಕಂಪನಿಯ ವಾದ ಇದು: ಫೋಟೊ ಯಂತ್ರದ ಕೆಲಸ, ಅದಕ್ಕೆ ಕರ್ತೃ ಅಂತ ಯಾರೂ ಇಲ್ಲ. ಕೋರ್ಟ್ ಒಪ್ಪಲಿಲ್ಲ. ಕಲ್ಪನೆ ಸರೋನಿಯದು ಅಂತಷ್ಟೇ ಹೇಳಿ ನಿಲ್ಲಿಸಲೂ ಇಲ್ಲ. ಕೂರಿಸಿದ ಭಂಗಿ, ಆರಿಸಿದ ಉಡುಪು, ಹಿಂದಿನ ಪರದೆ, ಬೆಳಕು, ನೆರಳು ಅಂತ ಒಂದೊಂದಾಗಿ ಹೇಳಿತು. ನ್ಯಾಯಾಧೀಶರೇ ಇಷ್ಟು ಹತ್ತಿರದಿಂದ ನೋಡಿರುವಾಗ ನಾವು ಬರೆಯುವವರು ‘ಆತ್ಮ’ ಅಂದು ಕೈತೊಳೆದುಕೊಳ್ಳಬಾರದು.

ಈಗ ಹೇಳುವ ವಿಷಯ ಸ್ವಲ್ಪ ಕಷ್ಟದ್ದು. ನಾಲ್ಕನೇ ಪುಟದ ಎರಡು ಪ್ಯಾರಾ ನಿಮ್ಮದು ಅಂತ ನನಗೆ ಅನಿಸಲಿಲ್ಲ. ನಿಮ್ಮ ವಾಕ್ಯಗಳು ಓಡುತ್ತವೆ, ಎಡವುತ್ತವೆ, ಮಧ್ಯೆ ನಿಲ್ಲುತ್ತವೆ. ಅಲ್ಲಿ ಮಾತ್ರ ಎಲ್ಲ ವಾಕ್ಯವೂ ಒಂದೇ ಅಳತೆ. ಪ್ರತಿ ವಾಕ್ಯದಲ್ಲೂ ಮೂರು ಮೂರು ದೊಡ್ಡ ಪದ. ಯಾವುದಕ್ಕೂ ಒಂದು ಉದಾಹರಣೆ ಇಲ್ಲ. ಎಐ ಬರೆದುಕೊಟ್ಟದ್ದೇ? ನಾನು ತಪ್ಪು ತಿಳಿದಿರಬಹುದು. ಹಾಗಿದ್ದರೆ ಕ್ಷಮಿಸಿ. ನಿಜವಾಗಿದ್ದರೆ ನನಗೆ ಸಿಟ್ಟಿಲ್ಲ, ಆದರೆ ತಿಳಿಸಿ. ಓದುಗರಿಗೂ ತಿಳಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇದೆ. ಅಪ್ಪನ ಚಿತ್ರ ಬಂದಾಗ ಜೇಬು ಸರಿಯಿಲ್ಲ ಅಂತ ನಿದ್ದೆ ಬಿಟ್ಟವರು ನೀವು. ಈ ಪ್ಯಾರಾ ಬಂದಾಗ ‘ಇದಲ್ಲ’ ಅಂತ ಯಾಕೆ ಅನ್ನಲಿಲ್ಲ?

ಮುಂದಿನ ಕರಡು ಹೀಗಿರಲಿ ಅಂತ ನನ್ನಾಸೆ. ಮೊದಲ ನಾಲ್ಕು ಪುಟ ಪೂರ್ತಿ ಬಿಡಿ. ಪೆನ್ನು ಬಲಗೈಗೆ ಬಂದ ಮೊದಲ ಚಿತ್ರದಿಂದ ಶುರು ಮಾಡಿ. ಅಪ್ಪನ ಕಿರುಬೆರಳ ಪಕ್ಕದಲ್ಲಿ ಯಾವಾಗಲೂ ಇಂಕಿನ ಕಲೆ ಇರುತ್ತಿತ್ತು ಅಂತ ಆವರಣದೊಳಗೆ ಒಂದು ಮಾತು ಹಾಕಿದ್ದೀರಿ. ಎಡಗೈಯಲ್ಲಿ ಬರೆಯುವಾಗ ಒಣಗದ ಅಕ್ಷರದ ಮೇಲೇ ಕೈ ಹಾದುಹೋಗುತ್ತದಲ್ಲ, ಅದರ ಕಲೆ. ಅದು ಆವರಣದಲ್ಲಿ ಇರಬೇಕಾದ ಮಾತಲ್ಲ. ಅಂದ ಹಾಗೆ, ಕೊನೆಯ ಚಿತ್ರದಲ್ಲಿ ಆ ಕಲೆ ಇಲ್ಲ. ಬೇಕೆಂದೇ ಬಿಟ್ಟಿರಾ, ಮರೆತಿರಾ, ಅಥವಾ ಬಿಡಿಸಲು ಹೋಗಿ ಆಗಲಿಲ್ಲವಾ? ಅದಕ್ಕೊಂದು ಪುಟವೇ ಬೇಕಾದರೂ ಕೊಡಿ. ಕೋಹೆನ್, ಬೆಲಾಮಿ, ಆಲನ್ ಬೇಕಿದ್ದ ಕಡೆ ಬರಲಿ, ಬೇಡವಾದರೆ ಬಿಡಿ. ಪುಟ ಕಡಿಮೆಯಾದರೆ ಚಿಂತೆಯಿಲ್ಲ.

ಅವಸರ ಬೇಡ. ಒಂದು ತಿಂಗಳು ತೆಗೆದುಕೊಳ್ಳಿ. ಕಳಿಸುವಾಗ ಬಲಗೈಯ ಆ ಮೊದಲ ಚಿತ್ರವನ್ನೂ, ಜೇಬು ಬಲಕ್ಕೆ ಹೋದದ್ದನ್ನೂ ಜೊತೆಗಿಡಿ. ಅಳಿಸಿಲ್ಲ ತಾನೆ? ಲೇಖನ ಒಪ್ಪಿಗೆಯಾದರೆ ಮೂರನ್ನೂ ಅಕ್ಕಪಕ್ಕ ಹಾಕೋಣ.

ಪ್ರೀತಿಯಿಂದ,
ಸಂಪಾದಕ